ಖಾಲಿ ಒರಳಿನ ಸದ್ದು

ಶಹಾಪುರದಿಂದ ಸುರಪುರಕ್ಕೆ ಹೋಗುವ ದಾರಿಯಲ್ಲಿ, ಊರು ದಾಟಿದ ಮೇಲೆ ಒಂದು ಬೇವಿನ ಮರ, ಮರದ ಕೆಳಗೆ ತಗಡಿನ ಶೆಡ್ಡು, ಶೆಡ್ಡಿನ ಬಗಲಿಗೆ ಒಂದು ಚಹಾದ ಒಲೆ. ಶೆಡ್ಡು ವೆಂಕಪ್ಪ ಮಿಸ್ತ್ರಿಯದು, ಒಲೆ ಅವನ ಹೆಂಡತಿ ದೇವಕ್ಕನದು. ಕೆನಾಲಿನ ಕೆಲಸ ಜೋರಾಗಿ ನಡೆದಿದ್ದ ವರ್ಷಗಳು ಅವು. ಕಲ್ಲು ಹೊತ್ತ ಲಾರಿಗಳು ಹಗಲೆಲ್ಲ ಓಡಾಡುತ್ತಿದ್ದವು. ಒಂದು ಲಾರಿ ಎಬ್ಬಿಸಿದ ಧೂಳು ನೆಲಕ್ಕೆ ಕೂರುವಷ್ಟರಲ್ಲಿ ಇನ್ನೊಂದು ಬರುತ್ತಿತ್ತು. ಕೆಟ್ಟು ನಿಂತ ಲಾರಿಗೆ ಆ ದಾರಿಯಲ್ಲಿ ವೆಂಕಪ್ಪನೇ ದೇವರು.

ಅವನು ಕೆಲಸ ಮಾಡುವ ರೀತಿಯೇ ಬೇರೆ ಇತ್ತು. ಇಂಜಿನ್ ಚಾಲೂ ಮಾಡಿಸಿ, ಬಾನೆಟ್ಟಿನ ಮೇಲೆ ಅಂಗೈ ಇಟ್ಟು ಕಣ್ಣು ಮುಚ್ಚುತ್ತಿದ್ದ. ಡ್ರೈವರ ಏನಾದರೂ ಹೇಳಲು ಬಾಯಿ ತೆರೆದರೆ, "ನೀ ಸುಮ್ಕಿರು, ಗಾಡಿ ಮಾತಾಡಾಕತ್ತದ" ಎಂದು ಗದರುತ್ತಿದ್ದ. ಆಮೇಲೆ ಒಲೆಯ ಕಡೆ ಕೈ ಚಾಚುತ್ತಿದ್ದ. ದೇವಕ್ಕ ಚಹಾ ತಂದು ಕೊಡುತ್ತಿದ್ದಳು. ಬಂದವರಿಗೆಲ್ಲ ಗ್ಲಾಸಿನಲ್ಲಿ, ಮಿಸ್ತ್ರಿಗೆ ಮಾತ್ರ ಕಪ್ಪಿನಲ್ಲಿ, ಜತೆಗೆ ಬಶಿ ಎನ್ನುವ ಸಣ್ಣ ತಟ್ಟೆ. ಅವನು ಬಿಸಿ ಆರಿಸಿಕೊಂಡು ಕುಡಿದು, ಕಪ್ಪು ಕೆಳಗಿಟ್ಟು, ಬಾಯಿ ಒರೆಸಿಕೊಂಡು ರೋಗ ಹೇಳುತ್ತಿದ್ದ. ಹೇಳಿದ್ದು ತಪ್ಪುತ್ತಿರಲಿಲ್ಲ. ವೆಂಕಪ್ಪನ ಬುದ್ಧಿ ಚಹಾಪುಡಿಯಲ್ಲಿದೆ ಎಂದು ಡ್ರೈವರುಗಳು ನಗಾಡುತ್ತಿದ್ದರು.

ನಗುವವರಿಗೆ ಗೊತ್ತಿರಲಿಲ್ಲ, ವೆಂಕಪ್ಪನಿಗೆ ಕಿವಿಯೇ ಕೇಳುತ್ತಿರಲಿಲ್ಲ.

ಗುಡ್ಡದಲ್ಲಿ ಕಲ್ಲು ಒಡೆಯುವಲ್ಲಿ ಒಂದು ಯಂತ್ರ ರಿಪೇರಿ ಮಾಡುತ್ತ ಕೂತಿದ್ದಾಗ, ಇವನು ಅಲ್ಲಿರುವುದನ್ನು ನೋಡದೆ ಮದ್ದಿಗೆ ಬೆಂಕಿ ಕೊಟ್ಟಿದ್ದರು. ಕಲ್ಲು ಒಂದೂ ತಾಗಲಿಲ್ಲ. ಎರಡೂ ಕಿವಿಯಿಂದ ರಕ್ತ ಇಳಿಸಿಕೊಂಡು ಮನೆಗೆ ನಡೆದುಬಂದ. ದೇವಕ್ಕ ಅರಳೆಯಲ್ಲಿ ಬಿಸಿ ಎಣ್ಣೆ ಅದ್ದಿ ಇಟ್ಟಳು, ಯಾರೋ ಹೇಳಿದ ಎಲೆಯ ರಸ ಹಿಂಡಿದಳು. ರಕ್ತ ನಿಂತಿತು, ಕಿವಿ ಬರಲಿಲ್ಲ. ಕೆಲವು ದಿನ ಗೋಡೆಗೆ ಮುಖ ಮಾಡಿ ಮಲಗಿದ. ಆಮೇಲೆ ಎದ್ದು ಕೂತು ದೇವಕ್ಕನಿಂದ ಎಲ್ಲವ್ವನ ಮೇಲೆ ಆಣೆ ಹಾಕಿಸಿಕೊಂಡ, ಇದು ಸತ್ತರೂ ಹೊರಗೆ ಹೋಗಬಾರದು ಎಂದು. ಕಿವುಡ ಮಿಸ್ತ್ರಿಯೂ ಕುಂಟ ಕುದುರೆಯೂ ಒಂದೇ, ಯಾರೂ ಹತ್ತಿರ ಬರುವುದಿಲ್ಲ ಎಂದ. ಮಾತು ಆಡುವವರ ತುಟಿ ನೋಡಿ ತಿಳಿದುಕೊಳ್ಳುವುದನ್ನು ಬೇಗ ಕಲಿತ. ಮೀಸೆ ತುಟಿಯ ಮೇಲೆ ಇಳಿಬಿದ್ದವರ ಮಾತು ಮಾತ್ರ ತಿಳಿಯುತ್ತಿರಲಿಲ್ಲ. ಅಂಥವರನ್ನೇ ಹೆಚ್ಚು ಗದರಿಸುತ್ತಿದ್ದ.

ಮನುಷ್ಯರ ಮಾತಿಗೆ ತುಟಿ ಉಂಟು, ಇಂಜಿನ್ನಿಗೆ ತುಟಿ ಎಲ್ಲಿಂದ ಬರಬೇಕು? ಬಶಿಯ ಉಪಾಯ ದೇವಕ್ಕನದು. ಸದ್ದು ಇಂಜಿನ್ನಿನ ಮೇಲ್ಭಾಗದಲ್ಲಿದ್ದರೆ ಕಪ್ಪಿನ ಮೇಲೆ ಬಶಿ ಮುಚ್ಚಿ ತರುತ್ತಿದ್ದಳು. ಕೆಳಭಾಗದಲ್ಲಿದ್ದರೆ ಕಪ್ಪಿನ ಕೆಳಗೆ ಬಶಿ. ಹೆದರುವಂಥದ್ದು ಏನೂ ಇಲ್ಲದಿದ್ದರೆ ಬಶಿ ಇಲ್ಲದ ಬರೀ ಕಪ್ಪು. ಆ ಧೂಳಿನ ದಾರಿಯಲ್ಲಿ ಚಹಾ ಮುಚ್ಚಿ ಕೊಟ್ಟರೆ ಯಾರು ಏನು ಕೇಳುತ್ತಾರೆ?

ಇಂಜಿನ್ನಿನ ಒಳಗಿನ ಸಾಮಾನುಗಳ ಹೆಸರು ಅವಳ ನಾಲಿಗೆಗೆ ಹತ್ತಿದ್ದಿಲ್ಲ. ಒಲೆಯ ಮುಂದೆ ಕೂತು ವರ್ಷಗಟ್ಟಲೆ ಕೇಳಿದ ಸದ್ದುಗಳಿಗೆ ತನ್ನ ಅಡುಗೆಮನೆಯ ಹೆಸರನ್ನೇ ಇಟ್ಟುಕೊಂಡಿದ್ದಳು. ಮೇಲಿನಿಂದ ಕಿಣಿಕಿಣಿ ಬಂದರೆ ಅದು ಬಳೆ ಸದ್ದು. ತಣ್ಣಗಿದ್ದ ಗಾಡಿ ಚಾಲೂ ಮಾಡಿದಾಗ ಪಟ್ ಪಟ್ ಎಂದು ಬಡಿದು, ಬಿಸಿಯಾಗುತ್ತ ಸುಮ್ಮನಾದರೆ ಅದು ರೊಟ್ಟಿ ಸದ್ದು. ಪಿಸ್ಟನ್ ಸವೆದು ಸ್ವಲ್ಪ ಸಡಿಲಾಗಿರುತ್ತದೆ, ಕಾದ ಮೇಲೆ ಉಬ್ಬಿ ತನ್ನ ಜಾಗ ತುಂಬಿಕೊಳ್ಳುತ್ತದೆ. ಅದರಿಂದ ಯಾರೂ ಸಾಯುವುದಿಲ್ಲ. ಇನ್ನೊಂದು ಇತ್ತು, ಒರಳಿನ ಸದ್ದು. ಒರಳಿನಲ್ಲಿ ಕಾಳು ಇದ್ದರೆ ಒನಕೆಯ ಪೆಟ್ಟು ಮೆತ್ತಗೆ ಬೀಳುತ್ತದೆ. ಕಾಳು ತೀರಿ ಒನಕೆ ಬರೀ ಕಲ್ಲಿಗೆ ಬಿದ್ದರೆ ಕುಟ್ಟುವವಳ ರಟ್ಟೆಯವರೆಗೆ ನಡುಗುತ್ತದೆ. ಇಂಜಿನ್ನಿನ ತಳದಲ್ಲಿ ಬೇರಿಂಗು ತಿಂದುಹೋದಾಗ ಬರುವುದು ಆ ಸದ್ದು. ಅದು ಬಂದರೆ ಗಾಡಿ ಒಂದು ಮಾರು ಮುಂದೆ ಹೋಗಬಾರದು, ಅಲ್ಲೇ ಬಿಚ್ಚಬೇಕು.

ಗಾಡಿ ತಣ್ಣಗಿರುವಾಗ ರೊಟ್ಟಿಯೂ ಒರಳೂ ಅಕ್ಕತಂಗಿಯರ ಹಾಗೆ, ಯಾರು ಯಾರೆಂದು ತಿಳಿಯುವುದಿಲ್ಲ. ಕಾದ ಮೇಲೆ ರೊಟ್ಟಿ ಬಾಯಿ ಮುಚ್ಚುತ್ತದೆ, ಒರಳು ಬಾಯಿ ಬಿಡುತ್ತದೆ. ಈ ಅಂತರ ತಿಳಿಯಲು ದೇವಕ್ಕನಿಗೆ ಬಹಳ ಕಾಲ ಹಿಡಿದಿತ್ತು. ಒಮ್ಮೆ ತಪ್ಪಿದ್ದಳು. ಅವತ್ತು ಬಂದವರು ಹೋದ ಮೇಲೆ ವೆಂಕಪ್ಪ ಒಲೆಯ ಮೇಲಿದ್ದ ಚಹಾದ ಪಾತ್ರೆ ಎತ್ತಿ ಅವಳ ಎಡಗೈ ಮೇಲೆ ಸುರಿದಿದ್ದ. ಮಣಿಕಟ್ಟಿನಿಂದ ಮೊಣಕೈವರೆಗೆ ಚರ್ಮ ಸುಕ್ಕಾಗಿ ಉಳಿಯಿತು. ಆ ಕೈಗೆ ಆಮೇಲೆ ಬಳೆ ಏರಲಿಲ್ಲ, ಬಲಗೈಗೆ ಮಾತ್ರ ಹಾಕಿಕೊಳ್ಳುತ್ತಿದ್ದಳು.

ಮನೆಯಲ್ಲಿ ಇಬ್ಬರೇ ಇದ್ದಾಗಲೂ ಬಶಿಯ ಮಾತು ಅವನ ಬಾಯಿಂದ ಬರುತ್ತಿರಲಿಲ್ಲ. ತನ್ನ ಅಂಗೈಗೇ ಎಲ್ಲ ಕೇಳಿಸುತ್ತದೆ ಎಂದು ಅವನೇ ನಂಬಿಬಿಟ್ಟಿದ್ದ.

ಹೀಗಿರುವಾಗ ಒಂದು ಬೇಸಿಗೆಯಲ್ಲಿ ವೆಂಕಪ್ಪ ಕೊಂಕಲ್‌ಗೆ ಹೋಗಿ, ಅಲ್ಲಿಯ ಅಂಬ್ರಪ್ಪನ ಮಗಳು ಮಲ್ಲಾಬಾಯಿಗೆ ಹನುಮಪ್ಪನ ಗುಡಿಯಲ್ಲಿ ತಾಳಿ ಕಟ್ಟಿ ಕರೆದುಕೊಂಡು ಬಂದ. ದೇವಕ್ಕನಿಗೆ ಮಕ್ಕಳಿರಲಿಲ್ಲ, ಅದೇ ನೆಪ. ಹುಡುಗಿ ಅವನಿಗೆ ಮಗಳಾಗುವ ವಯಸ್ಸಿನವಳು. ಬಂದ ಮರುದಿನ ಅವನು ದೇವಕ್ಕನನ್ನು ಶೆಡ್ಡಿನ ಹಿಂದೆ ಕರೆದ.

"ನಿನ್ನ ಕೈ ನಡಗಾಕತ್ತದ. ಬಶಿ ಅಲಗಾಡೂದು ಮಂದಿ ನೋಡ್ತಾರ. ಈಕಿಗಿ ಎಲ್ಲಾ ಕಲಸಿಕೊಡು. ಮಾನೋಮಿ ಹಬ್ಬ ಆದ ಮ್ಯಾಲ ನೀ ಹತ್ತಿಕುಣಿಗಿ ಹೋಗು. ನನ್ನ ತಮ್ಮನ ಮನ್ಯಾಗ ಎಮ್ಮಿ ಅದಾವ, ಹೆಂಡಿ ಬಳಿಯಾಕ ಒಂದು ಆಳು ಬೇಕಾಗ್ಯದ."

ಹತ್ತಿಕುಣಿಯ ಆ ಮನೆ ದೇವಕ್ಕನಿಗೆ ಗೊತ್ತಿತ್ತು. ವೆಂಕಪ್ಪನ ವಿಧವೆ ಸೋದರತ್ತೆಯೊಬ್ಬಳು ಅಲ್ಲಿ ದನದ ಕೊಟ್ಟಿಗೆಯಲ್ಲಿ ಮಲಗಿ, ಮನೆಯವರು ಉಂಡು ಬಿಟ್ಟದ್ದು ತಿಂದು, ಒಂದು ಮಳೆಗಾಲದಲ್ಲಿ ಸತ್ತದ್ದು ಎರಡು ದಿನ ಯಾರಿಗೂ ತಿಳಿದಿರಲಿಲ್ಲ. ತವರಿನಲ್ಲಿ ದೇವಕ್ಕನಿಗೆ ಯಾರೂ ಉಳಿದಿರಲಿಲ್ಲ. ಒಲೆಯ ಮುಂದಿನ ಆ ಮಣೆ ಬಿಟ್ಟರೆ ಭೂಮಿಯ ಮೇಲೆ ಅವಳಿಗೆ ಕೂರುವ ಜಾಗ ಇರಲಿಲ್ಲ. ಅವಳು ಹೋಗಿ ಮಣೆಯ ಅರ್ಧ ಬಿಟ್ಟುಕೊಟ್ಟು ಹುಡುಗಿಯನ್ನು ಬಗಲಿಗೆ ಕೂರಿಸಿಕೊಂಡಳು.

ಮಲ್ಲಾಬಾಯಿಯ ಕಿವಿ ಚುರುಕಾಗಿತ್ತು. ತಿರುವಿನ ಆಚೆ ಬರುವ ಲಾರಿ ತುಂಬಿದೆಯೋ ಖಾಲಿಯೋ ಎಂದು ಕಾಣುವ ಮೊದಲೇ ಹೇಳುತ್ತಿದ್ದಳು. ಬಳೆ ಸದ್ದು ಒಂದೇ ದಿನದಲ್ಲಿ ಹಿಡಿದಳು. ರೊಟ್ಟಿ ಸದ್ದು ಕಲಿಸುವಾಗ ದೇವಕ್ಕ ಅವಳಿಂದಲೇ ರೊಟ್ಟಿ ತಟ್ಟಿಸಿದಳು, ಹಿಟ್ಟು ಗಟ್ಟಿ ಇದ್ದಾಗ ಒಂದು ಸದ್ದು, ಸಡಿಲಿದ್ದಾಗ ಒಂದು ಸದ್ದು. ಹುಡುಗಿ ನಗುತ್ತ ಬಡಿದಳು. ದೇವಕ್ಕನಿಗೆ ತಲೆ ಬಾಚುತ್ತಿದ್ದಳು, ಕಾಲು ಒತ್ತುತ್ತಿದ್ದಳು, ಬಾಯಿ ತುಂಬ ಅಕ್ಕಾ ಅನ್ನುತ್ತಿದ್ದಳು. ಒಂದು ದಿನ ಹತ್ತಿಕುಣಿಯ ಸುದ್ದಿ ತಿಳಿದು ವೆಂಕಪ್ಪನ ಎದುರಿಗೆ ನಿಂತು, ಅಕ್ಕನನ್ನು ಕಳಿಸಬೇಡ ಎಂದು ಕೇಳಿಯೂಬಿಟ್ಟಳು. ಕಪಾಳಕ್ಕೆ ಒಂದು ಏಟು ಬಿತ್ತು.

"ಮತ್ತ ಕೇಳ್ತೀನಿ, ಅಕ್ಕಾ," ಎಂದಳು ಕೆನ್ನೆ ಹಿಡಿದುಕೊಂಡು. "ಎಷ್ಟ್ ಸಲ ಹೊಡೀತಾನ? ಅವನ ಕೈನೂ ನೋಯ್ತದಲ್ಲ."

ದೇವಕ್ಕ ಅವಳ ಕೆನ್ನೆಗೆ ಅರಿಷಿಣ ಹಚ್ಚಿದಳು. ಹಚ್ಚುತ್ತ ಒಂದು ಮಾತು ಅವಳ ತಲೆಯಲ್ಲಿ ಗಟ್ಟಿಯಾಯಿತು. ಈ ಹುಡುಗಿ ಬೇಡಿ ಕೊಡಿಸಿದ ಜಾಗ ಈ ಹುಡುಗಿಯದೇ ಆಗುತ್ತದೆ. ಇವತ್ತು ಇರು ಎಂದವಳು ನಾಳೆ ಹೋಗು ಎಂದರೆ ಹೋಗಬೇಕು.

ಗರಡಿಯ ಉಸ್ತಾದ ಎಲ್ಲ ಪಟ್ಟು ಕಲಿಸಿದರೂ ಕೊನೆಯದೊಂದನ್ನು ತನ್ನ ಹತ್ತಿರವೇ ಇಟ್ಟುಕೊಳ್ಳುತ್ತಾನೆ. ದೇವಕ್ಕ ಒರಳನ್ನು ಇಟ್ಟುಕೊಂಡಳು. ಕೆಳಗಿನ ಬೇರೆ ಸಣ್ಣಪುಟ್ಟ ಸದ್ದುಗಳನ್ನೆಲ್ಲ ಸರಿಯಾಗಿಯೇ ಕಲಿಸಿದಳು. ಗುದ್ದುವ ಸದ್ದು ಬಂದರೆ ಏನು ಎಂದು ಹುಡುಗಿ ಕೇಳಿದಾಗ, ಅದೂ ರೊಟ್ಟಿಯೇ, ದಪ್ಪ ರೊಟ್ಟಿ, ಬಿಸಿಯಾದ ಮೇಲೆ ಹೋಗುತ್ತದೆ, ಬರೀ ಕಪ್ಪು ಕೊಡು ಎಂದಳು. ಮಳೆಗಾಲದಲ್ಲಿ ಬಶಿಯ ಕೆಲಸ ಹುಡುಗಿಯ ಕೈಗೆ ಬಂತು. ಅವಳು ಬಶಿ ಮುಚ್ಚಿ ಕೊಟ್ಟರೆ ರೋಗ ಮೇಲೆಯೇ ಇರುತ್ತಿತ್ತು, ಕೆಳಗಿಟ್ಟು ಕೊಟ್ಟರೆ ಕೆಳಗೇ ಇರುತ್ತಿತ್ತು. ವೆಂಕಪ್ಪ ಖುಷಿಯಾದ. ಹತ್ತಿಕುಣಿಗೆ ಹೇಳಿ ಕಳಿಸಿದ, ಎಮ್ಮೆಗೆ ಆಳು ಬರುತ್ತದೆ ಎಂದು.

ಮಾನೋಮಿ ಹತ್ತಿರ ಬಂದಿತ್ತು. ಒಂದು ಬೆಳಗ್ಗೆ ಸುರಪುರದ ಕಂತ್ರಾಟುದಾರ ಭಗವಂತರಾಯನ ಹಳೆಯ ಲಾರಿಯೊಂದು ಕಲ್ಲು ಹೇರಿಕೊಂಡು ಬಂದು ಬೇವಿನ ಮರದ ಕೆಳಗೆ ನಿಂತಿತು. ಇಂಜಿನ್ ಕ್ಯಾಬಿನ್ನಿನ ಒಳಗೇ, ಡ್ರೈವರನ ಬಗಲಿಗೆ ಇರುವ ನಮೂನೆಯದು. ಇಂಜಿನ್ನಿನ ಮೇಲಿನ ಮುಚ್ಚಳ ಒಂದು ಮೂಲೆಯಲ್ಲಿ ತುಕ್ಕು ತಿಂದು ಹರಿದಿತ್ತು, ಆ ಕಂಡಿಗೆ ಗೋಣಿಚೀಲ ತುರುಕಿದ್ದರು. ಡ್ರೈವರ ಲಾಲಪ್ಪ ಇಳಿದು ಎರಡೂ ಕೈ ಚಾಚಿ ತೋರಿಸಿದ. ಕೈ ನಡುಗುತ್ತಿದ್ದವು.

"ನೋಡ್ರಿ ಮಿಸ್ತ್ರಿ. ಗಾಡಿ ನಡಗಿ ನಡಗಿ ನನಗೂ ಹತ್ಯದ. ಮನ್ಯಾಗ ಉಣ್ಣಾಕ ಕೂತರ ರೊಟ್ಟಿ ಹರಿಯಾಕ ಬರಂಗಿಲ್ಲ. ಕುಡದ ಬಂದೀದಿ ಅಂತ ಹೆಂಡ್ತಿ ಅನ್ನದ ಗಂಗಾಳ ಕಸ್ಕೊಂಡ್ಳು."

ಗುದ್ದುವ ಸದ್ದು, ಜತೆಗೆ ನಡುಕ, ಎರಡೂ ಬಹಳ ದಿನದಿಂದ ಇವೆಯಂತೆ. ಯಾದಗಿರಿಯಲ್ಲಿ ಒಬ್ಬ ಡೀಸೆಲ್ ಚಿಮ್ಮಿಸುವ ನಾಜಲ್ ಬದಲಿಸಿದ್ದ, ಇನ್ನೊಬ್ಬ ಕೆಳಗೆ ತೂರಿ ಬೋಲ್ಟುಗಳನ್ನೆಲ್ಲ ಬಿಗಿದಿದ್ದ. ಸದ್ದು ಇದ್ದ ಹಾಗೇ ಇತ್ತು.

ವೆಂಕಪ್ಪ ಕಲ್ಲು ಇಳಿಸಬೇಡ ಎಂದ. ನೀರು ತುಂಬಿದ ಗ್ಲಾಸೊಂದನ್ನು ಇಂಜಿನ್ನಿನ ಮೇಲಿಟ್ಟು ನೀರು ಹೇಗೆ ಕುಣಿಯುತ್ತದೆ ನೋಡಿದ. ಆಮೇಲೆ ಡೀಸೆಲ್ ಪೈಪುಗಳ ನಟ್ಟನ್ನು ಒಂದೊಂದಾಗಿ ಸಡಿಲಿಸುತ್ತ ಹೋದ. ಒಂದು ಪೈಪು ಸಡಿಲಿಸಿದರೆ ಆ ಸಿಲಿಂಡರು ಸುಮ್ಮನಾಗುತ್ತದೆ. ಯಾವುದು ಸುಮ್ಮನಾದಾಗ ಸದ್ದು ಇಳಿಯುತ್ತದೋ ರೋಗ ಅಲ್ಲಿದೆ ಎಂದು ಲೆಕ್ಕ. ನೋಡುವವರಿಗೆ ಅವನು ಕೇಳುತ್ತಿದ್ದಾನೆ ಎಂದೇ ಅನ್ನಿಸುತ್ತಿತ್ತು.

ಕೇಳುತ್ತಿದ್ದವರು ಇಬ್ಬರು. ಮಲ್ಲಾಬಾಯಿ ಒಲೆಯ ಮುಂದೆ, ದೇವಕ್ಕ ಅಷ್ಟು ದೂರದಲ್ಲಿ ನೆರಳಿಗೆ ಕೂತು ತೊಗರಿ ಬೇಳೆಯಲ್ಲಿ ಕಲ್ಲು ಆರಿಸುತ್ತಿದ್ದಳು. ಮೂರನೆಯ ಪೈಪು ಸಡಿಲಿಸಿದಾಗ ಗುದ್ದು ಅರ್ಧಕ್ಕೆ ಇಳಿಯಿತು. ನಟ್ಟು ಬಿಗಿದಾಗ ಮತ್ತೆ ಏರಿತು. ಮೂರನೆಯದರ ತಳದಲ್ಲಿ ಒರಳು ಖಾಲಿಯಾಗಿತ್ತು. ದೇವಕ್ಕನಿಗೆ ಅದು ತನ್ನ ಹೆಸರು ಕರೆದಷ್ಟು ಸ್ಪಷ್ಟವಾಗಿ ಕೇಳಿತು.

ಮಲ್ಲಾಬಾಯಿ ತಿರುಗಿ ಅಕ್ಕನ ಮುಖ ನೋಡಿದಳು. ದೇವಕ್ಕ ಮೊರದಿಂದ ತಲೆ ಎತ್ತಲಿಲ್ಲ. ಹುಡುಗಿ ಬಶಿಯನ್ನು ಒಲೆಯ ಕಟ್ಟೆಯ ಮೇಲೇ ಬಿಟ್ಟು, ಬರೀ ಕಪ್ಪು ಒಯ್ದು ಗಂಡನ ಕೈಗೆ ಕೊಟ್ಟಳು.

ವೆಂಕಪ್ಪ ಕುಡಿದು ಬಾಯಿ ಒರೆಸಿಕೊಂಡ. ಇಂಜಿನ್ನಿನ ಒಳಗೆ ಏನೂ ಇಲ್ಲ, ಇಂಜಿನ್ ಕೂತಿರುವ ರಬ್ಬರುಗಳು ಹರಿದಿವೆ, ಅದಕ್ಕೇ ಕುಣಿಯುತ್ತಿದೆ ಎಂದ. ರಬ್ಬರು ಹರಿದದ್ದೂ ನಿಜವೇ ಇತ್ತು. ಹೊಸದು ಹಾಕಿದ. ನಡುಕ ಕಣ್ಣಿಗೆ ಕಾಣುವಷ್ಟು ಕಡಿಮೆಯಾಯಿತು, ಗ್ಲಾಸಿನ ನೀರಿನ ಕುಣಿತ ನಿಂತಿತು. ಅವನು ಲಾಲಪ್ಪನಿಗೆ ಗ್ಲಾಸು ತೋರಿಸಿ ಮೀಸೆ ತಿರುವಿದ.

"ನಡಕ ಹೋತ್ರಿ, ಖರೆ," ಎಂದ ಲಾಲಪ್ಪ. "ಸಪ್ಪಳ ಹಂಗೇ ಅದಲ್ರೀ."

ವೆಂಕಪ್ಪನಿಗೆ ತುಟಿಯೂ ತಿಳಿಯಿತು, ಮುಖದ ಅನುಮಾನವೂ ತಿಳಿಯಿತು. ಅಲ್ಲಿ ಬೇರೆ ಲಾರಿಯವರೂ ನಿಂತಿದ್ದರು. "ನನ್ನ ಮಾತಿನ ಮ್ಯಾಲ ನಿನಗ ನಂಬಿಕಿಲ್ಲೇನು? ನಡಿ, ತುಂಬಿದ ಗಾಡ್ಯಾಗ ನಾನೇ ಬರ್ತೀನಿ. ಕೆನಾಲಕ್ಕ ಕಲ್ಲು ಹಾಕಿ ಸುರಪುರಕ್ಕ ಹೋಗೂಣು. ನನ್ನ ಹೆಂಡ್ತಿನೂ ಬರ್ತಾಳ. ಆಗರ ನಂಬ್ತಿಯೋ ಇಲ್ಲೋ?"

ಮಲ್ಲಾಬಾಯಿ ಓಡಿಹೋಗಿ ಮದುವೆಯ ಸೀರೆ ಉಟ್ಟುಕೊಂಡು ಬಂದಳು. ಅವಳು ಸುರಪುರ ನೋಡಿದ್ದೇ ಇಲ್ಲ.

ಇಂಜಿನ್ ಚಾಲೂ ಇತ್ತು, ಚೆನ್ನಾಗಿ ಕಾದಿತ್ತು. ರೊಟ್ಟಿಯಾಗಿದ್ದರೆ ಇಷ್ಟು ಹೊತ್ತಿಗೆ ಸುಮ್ಮನಾಗಬೇಕಿತ್ತು. ಹೊರಡುವ ಮುಂಚೆ ವೆಂಕಪ್ಪ ರೂಢಿಯಂತೆ ಒಲೆಯ ಕಡೆ ಕೈ ಚಾಚಿದ. ಒಲೆಯ ಮುಂದೆ ಆಗ ದೇವಕ್ಕ ಒಬ್ಬಳೇ ಇದ್ದಳು. ತೊಳೆದ ಕಪ್ಪು ಬಲಗೈ ಹತ್ತಿರ, ಬಶಿ ಅದರ ಬಗಲಿಗೆ. ಬಶಿಯ ಮೇಲೆ ಕಪ್ಪು ಇಟ್ಟು ನಾಲ್ಕು ಹೆಜ್ಜೆ ನಡೆದಿದ್ದರೆ ಲಾರಿ ಅಲ್ಲೇ ನಿಲ್ಲುತ್ತಿತ್ತು. ನಿಂತರೆ ತಪ್ಪು ಕಲಿಸಿದ ಅಕ್ಕನೂ ಸಿಕ್ಕಿಬೀಳುತ್ತಿದ್ದಳು, ಹುಡುಗಿಯೂ ಉಳಿಯುತ್ತಿದ್ದಳು, ಮಾನೋಮಿಯೂ ಇತ್ತು, ಹತ್ತಿಕುಣಿಯೂ ಇತ್ತು. ಅವಳು ಗ್ಲಾಸಿಗೆ ಚಹಾ ಸುರಿದು ಕೊಟ್ಟಳು. ಗ್ಲಾಸಿಗೆ ಯಾವ ಅರ್ಥವೂ ಇರಲಿಲ್ಲ. ಹೊಸ ಹೆಂಡತಿಯೊಡನೆ ಹೊರಟವನು ಅದನ್ನು ಗಮನಿಸಲೂ ಇಲ್ಲ.

ಮಲ್ಲಾಬಾಯಿ ಇಬ್ಬರು ಗಂಡಸರ ನಡುವೆ, ಇಂಜಿನ್ನಿನ ಮುಚ್ಚಳದ ಮೇಲೆ ಹತ್ತಿ ಕೂತು ಹೊರಗೆ ಬಗ್ಗಿದಳು.

"ಅಕ್ಕಾ, ನಿನಗ ಏನ್ ತರ್ಲಿ? ಹಸರ ಬಳಿ ತರ್ಲೇನು? ಆ ಕೈಗೂ ಏರೂವಂಥಾವು ದೊಡ್ಡವು ನೋಡಿ ತರ್ತೀನಿ."

"ತಾರವ್ವ," ಎಂದಳು ದೇವಕ್ಕ.

ಲಾರಿ ತಿರುವು ದಾಟುವವರೆಗೆ ಅವಳು ಕೇಳಿದಳು. ಕಲ್ಲಿಗೆ ಕಲ್ಲು ಕುಟ್ಟಿದ ಹಾಗೆ, ಒಂದೇ ಅಳತೆಯಲ್ಲಿ. ಆಮೇಲೆ ಮೊರ ಎತ್ತಿಕೊಂಡು ಉಳಿದ ಬೇಳೆ ಆರಿಸಿದಳು.

ಮುಂದಿನದನ್ನು ಲಾಲಪ್ಪ ಊರೂರಲ್ಲಿ ಹೇಳಿದ. ಕೆನಾಲಿನ ದಂಡೆಗೆ ಏರುವ ಏರಿನಲ್ಲಿ ಲಾರಿ ತಿಣುಕಿತು, ಸದ್ದು ಜೋರಾಯಿತು. ವೆಂಕಪ್ಪ ಮುಚ್ಚಳದ ಮೇಲೆ ಅಂಗೈ ಇಟ್ಟುಕೊಂಡು, ಎಲ್ಲ ಸರಿ ಇದೆ, ಹತ್ತಿಸು ಎಂದು ತಲೆ ಆಡಿಸುತ್ತಿದ್ದ. ಹುಡುಗಿ ಮಾತ್ರ ಗಾಬರಿಯಾಗಿದ್ದಳು. ಬಿಸಿಯಾದ ಮೇಲೆ ಹೋಗಬೇಕಲ್ಲ, ಹೋಗಬೇಕಲ್ಲ ಎಂದು ತನ್ನಷ್ಟಕ್ಕೆ ಅನ್ನುತ್ತಿದ್ದಳಂತೆ. ಗೋಣಿ ಕಿತ್ತು ಆ ಹರಿದ ಕಂಡಿಗೆ ಮುಖ ತಂದು, ಸದ್ದು ಹೋಯಿತೇ ಎಂದು ಕೇಳಲು ಬಗ್ಗಿದಳು. ಅದೇ ಗಳಿಗೆಗೆ ಒಳಗೆ ಕಬ್ಬಿಣದ ರಾಡು ಮುರಿದು ಇಂಜಿನ್ನಿನ ಪಕ್ಕೆ ಒಡೆದುಕೊಂಡು ಹೊರಬಿತ್ತು. ಕುದಿಯುವ ಎಣ್ಣೆ ಕಂಡಿಯಿಂದ ಚಿಮ್ಮಿತು. ಲಾರಿ ಹಿಂದಕ್ಕೆ ಉರುಳಿ ಕಲ್ಲಿನ ಗುಡ್ಡೆಗೆ ಆತುಕೊಂಡು ನಿಂತಿತು. ಲಾಲಪ್ಪನಿಗೆ ಏನೂ ಆಗಲಿಲ್ಲ. ವೆಂಕಪ್ಪನ ಅಂಗೈಗೆ ರೂಪಾಯಿಯಷ್ಟಗಲ ಬೊಬ್ಬೆ ಬಂತು.

ದವಾಖಾನೆಯಿಂದ ಮಲ್ಲಾಬಾಯಿಯನ್ನು ಮನೆಗೆ ತಂದಾಗ ಮುಖಕ್ಕೆ ಬಟ್ಟೆ ಸುತ್ತಿದ್ದರು. ಒಂದು ಕಣ್ಣು ಉಳಿದಿತ್ತು. ಎರಡೂ ಕಿವಿ ನೆಟ್ಟಗಿದ್ದವು. ತುಟಿಗಳು ಬದನೆಕಾಯಿಯ ಹಾಗೆ ಊದಿ ಒಂದಕ್ಕೊಂದು ಅಂಟಿದ್ದವು. ವೆಂಕಪ್ಪ ಅವಳು ಮಲಗಿದ್ದ ಹೊರಸಿನ ಹತ್ತಿರ ನಿಂತು, ಬರೀ ಕಪ್ಪು ಯಾಕೆ ಕೊಟ್ಟೆ, ಯಾರು ಹೇಳಿದರು ಎಂದು ಕೂಗಿದ. ಕಿವುಡನ ಕೂಗು, ಮಾಡಿನ ತಗಡು ನಡುಗುವಂಥದ್ದು.

ಹುಡುಗಿ ಬಹಳ ಕಷ್ಟಪಟ್ಟು ಮಾತಾಡಿದಳು. ಗಂಟಲಿನಿಂದ ಬಂದ ಮಾತು, ತುಟಿ ಅಲ್ಲಾಡಲಿಲ್ಲ.

"ಅಕ್ಕಾ, ದಪ್ಪ ರೊಟ್ಟಿ ಅಂದಿದ್ದಿಯಲ್ಲ. ಬಿಸಿ ಆದ ಮ್ಯಾಲ ಹೋಗ್ತದ ಅಂದಿದ್ದಿಯಲ್ಲ."

ವೆಂಕಪ್ಪ ಆ ತುಟಿಗಳನ್ನೇ ನೋಡಿದ. ಬಗ್ಗಿ ನೋಡಿದ. ಏನೂ ತಿಳಿಯದೆ ದೇವಕ್ಕನ ಕಡೆ ತಿರುಗಿದ.

"ಏನಂತಾಳ?"

ದೇವಕ್ಕ ಅವನ ಎದುರಿಗೆ ಬಂದು ನಿಂತು, ಅವನಿಗೆ ತಿಳಿಯುವ ಹಾಗೆ ತುಟಿ ಅಗಲಿಸಿ, ನಿಧಾನವಾಗಿ ಹೇಳಿದಳು.

"ತಪ್ಪು ನಂದೇ ಅಂತಾಳ. ಅಕ್ಕ ಬರೋಬರಿ ಕಲಸಿದ್ಳು, ನನ್ನ ತಲಿಗೇ ಹತ್ತಲಿಲ್ಲ ಅಂತಾಳ."

ಹೊರಸಿನ ಮೇಲಿನ ಒಂದು ಕಣ್ಣು ದೇವಕ್ಕನನ್ನು ನೋಡಿತು. ಹುಡುಗಿ ಆ ಮನೆಯಲ್ಲಿ ಮತ್ತೆ ಬಾಯಿ ಬಿಡಲಿಲ್ಲ. ಗಂಜಿಗೂ ದೇವಕ್ಕ ಚಮಚದಿಂದಲೇ ಬಾಯಿ ಬಿಡಿಸಬೇಕಾಯಿತು.

ಅವಳು ನಿಂತು ಓಡಾಡುವ ಹಾಗಾದ ಮೇಲೆ ಕೊಂಕಲ್‌ನಿಂದ ತಂದೆ ಅಂಬ್ರಪ್ಪ ಎತ್ತಿನ ಬಂಡಿ ಕಟ್ಟಿಕೊಂಡು ಬಂದ. ವೆಂಕಪ್ಪ ಶೆಡ್ಡಿನಿಂದ ಹೊರಗೆ ಬರಲಿಲ್ಲ, ಒಡೆದ ಗಡಿಗೆ ಒಯ್ದುಬಿಡು ಎಂದು ಯಾರದೋ ಬಾಯಲ್ಲಿ ಹೇಳಿಸಿದ. ಬಂಡಿಯಲ್ಲಿ ಹುಲ್ಲು ಹಾಸಿ ಮಗಳನ್ನು ಕೂರಿಸಿದ ಮೇಲೆ ಅಂಬ್ರಪ್ಪ ದೇವಕ್ಕನ ಮುಂದೆ ಬಂದು ರುಮಾಲು ತೆಗೆದು ಕೈ ಮುಗಿದ.

"ಸವತಿ ಅನ್ನಲಾರದ ಹಡದವ್ವನಂಗ ನೋಡಿಕೊಂಡೀರಿ, ಯವ್ವಾ. ನಿಮ್ಮ ಹೊಟ್ಟಿ ತಣ್ಣಗಿರಲಿ."

ದೇವಕ್ಕ ದಾರಿಗೆ ರೊಟ್ಟಿ ಕಟ್ಟಿ ಕೊಟ್ಟಳು. ಮಲ್ಲಾಬಾಯಿ ಆ ಗಂಟನ್ನು ಮಡಿಲಲ್ಲಿ ಇಟ್ಟುಕೊಂಡಳು. ಬಂಡಿ ಹೊರಟು ಸ್ವಲ್ಪ ದೂರ ಹೋದ ಮೇಲೆ, ಗಂಟು ದಾರಿಯ ಬದಿಗೆ ಬಿದ್ದದ್ದು ಒಲೆಯ ಮುಂದಿನಿಂದಲೇ ಕಾಣಿಸಿತು. ಒಂದು ನಾಯಿ ಬಂದು ಮೂಸಿ ಎಳೆದುಕೊಂಡು ಹೋಯಿತು.

ಲಾಲಪ್ಪನ ಡ್ರೈವರ ಕೆಲಸ ಹೋಯಿತು. ತಾನು ಬೇಡ ಬೇಡ ಎಂದರೂ ಅವನೇ ಏರಿನಲ್ಲಿ ಗಾಡಿ ಹಿಂಡಿದ ಎಂದು ವೆಂಕಪ್ಪ ಎಲ್ಲರಿಗೂ ಹೇಳಿದ, ಭಗವಂತರಾಯನೂ ಅದನ್ನೇ ನಂಬಿದ. ಲಾಲಪ್ಪ ಕೆನಾಲಿನಲ್ಲಿ ಕಲ್ಲು ಹೊರಲು ನಿಂತ. ಮಾನೋಮಿ ಬಂತು, ಹೋಯಿತು. ಹತ್ತಿಕುಣಿಯ ಮಾತು ಯಾರೂ ಎತ್ತಲಿಲ್ಲ. ಎಮ್ಮೆಗೆ ಅವರು ಬೇರೆ ಆಳು ನೋಡಿಕೊಂಡರು.

ದೇವಕ್ಕ ತನ್ನ ಮಣೆಯ ಮೇಲೆ ಪೂರ್ತಿ ಹರವಿಕೊಂಡು ಕೂತಳು. ಈಗ ಅವಳಿಗೆ ಅವಸರವಿರಲಿಲ್ಲ. ಲಾರಿಯವರ ಮುಂದೆ ವೆಂಕಪ್ಪ ಕೈ ಚಾಚಿದರೆ, ಅವಳು ಒಲೆಗೆ ಕಟ್ಟಿಗೆ ಸರಿಸುವಳು, ಹಾಲು ನೋಡುವಳು, ಸೆರಗು ಹೊದ್ದುಕೊಳ್ಳುವಳು. ಅವನ ಕೈ ಗಾಳಿಯಲ್ಲಿ ಹಾಗೇ ಇರುತ್ತಿತ್ತು. ಗದರುವಂತಿರಲಿಲ್ಲ, ಹೊಡೆಯುವಂತಿರಲಿಲ್ಲ. ಚಹಾದ ಪಾತ್ರೆ ಅವಳ ಬಲಗೈ ಹತ್ತಿರವೇ ಕುದಿಯುತ್ತಿತ್ತು.

ಅವನು ಹೇಳಿದ್ದು ಸುಳ್ಳಾಗಿರಲಿಲ್ಲ, ಅವಳ ಕೈ ನಡುಗುತ್ತಿತ್ತು. ವರ್ಷ ಹೋದಂತೆ ನಡುಕ ಹೆಚ್ಚಾಯಿತು. ಅವಳು ಒಲೆಯಿಂದ ಲಾರಿಯವರೆಗೆ ನಡೆದು ಬರುವಾಗ ಕಪ್ಪಿನ ಕೆಳಗೆ ಬಶಿ ಗಿಲಿಗಿಲಿ ಎನ್ನುತ್ತಿತ್ತು. ಡ್ರೈವರುಗಳು ಅದನ್ನು ಕೇಳಿ ತಿರುಗಿ ನೋಡುತ್ತಿದ್ದರು. ವೆಂಕಪ್ಪ ಕಣ್ಣು ಮುಚ್ಚಿ, ಬಾನೆಟ್ಟಿನ ಮೇಲೆ ಅಂಗೈ ಇಟ್ಟು ನಿಂತೇ ಇರುತ್ತಿದ್ದ.